ಬಿಸಿಲೂರಿನಲ್ಲಿ ನಮ್ಮ ಮನೆ

ಕೇಳುಗರೇ, ನಮಸ್ಕಾರ.

ನಾನು ಹೊಸನಗರದ ಕಡೆಯವಳು. ನಮ್ಮಲ್ಲಿ ಆಷಾಢ ಬಂತೆಂದರೆ ಭರಣಿಯ ಉಪ್ಪು ನೀರೊಡೆಯುತ್ತದೆ. ಬೆಂಕಿಪೊಟ್ಟಣವನ್ನು ಒಲೆಯ ಹತ್ತಿರವೇ ಇಡಬೇಕು. ಬೀರುವಿನೊಳಗಿನ ಸೀರೆಗೂ ಬೂಸ್ಟು ಹಿಡಿಯುತ್ತದೆ. ಅಲ್ಲಿ ಬೆಳೆದ ನಾನು ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ರಾಜಸ್ಥಾನದ ಜೋಧಪುರದ ಸ್ಟೇಷನ್ನಿನಲ್ಲಿ ಮಗುವನ್ನು ಎತ್ತಿಕೊಂಡು ಇಳಿದೆ. ಯಜಮಾನರಿಗೆ ಅಲ್ಲಿಗೆ ವರ್ಗವಾಗಿತ್ತು. ಈಗ ಅದೇ ನಮ್ಮೂರು ಅನ್ನಿಸುತ್ತದೆ. ಅದು ಹೇಗಾಯಿತು ಅಂತ ಇವತ್ತು ಹೇಳಬೇಕು.

ಮೊದಲನೇ ದಿನ ಮಧ್ಯಾಹ್ನ, ಸೆಖೆ ಅಂತ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ನಮ್ಮೂರಲ್ಲಿ ಹಾಗೇ ತಾನೇ ಮಾಡೋದು? ಒಳಗೆ ಬಂದ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ಸ್ಟೀಲ್ ಲೋಟ ಮುಟ್ಟಿದರೆ ಬಿಸಿ. ಮಗನ ಮೂಗಿನಿಂದ ರಕ್ತ ಬಂತು. ನಾನು ಗಾಬರಿಯಿಂದ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿರಬೇಕು. ಅರವತ್ತು ದಾಟಿದ ಒಬ್ಬ ಹೆಂಗಸು, ತಲೆಯ ಮೇಲೆ ಸೆರಗು ಹೊದ್ದವರು, ಬಂದವರೇ ಮೊದಲು ಕಿಟಕಿಗಳನ್ನು ಮುಚ್ಚಿದರು. ಆಮೇಲೆ ಒದ್ದೆ ಬಟ್ಟೆಯನ್ನು ಮಗುವಿನ ನೆತ್ತಿಗೆ ಇಟ್ಟರು. "ಬೀಂದಣಿ, ಇದು ಲೂ. ಇದನ್ನ ಮನೆಯೊಳಗೆ ಕರೀಬಾರದು" ಅಂದರು. ಬೀಂದಣಿ ಅಂದರೆ ಮಾರವಾಡಿಯಲ್ಲಿ ಸೊಸೆ, ಲೂ ಅಂದರೆ ಅಲ್ಲಿನ ಬೇಸಿಗೆಯ ಬಿಸಿಗಾಳಿ. ಅವತ್ತಿನಿಂದ ಅವರು ನನಗೆ ಕಾಕೀಸಾ, ಅಂದರೆ ಚಿಕ್ಕಮ್ಮ.

ಆ ಊರಿನ ಮನೆಗೆ ಒಂದು ವೇಳಾಪಟ್ಟಿ ಇದೆ. ಅದನ್ನು ಕಾಕೀಸಾ ಕಲಿಸಿದರು. ಬೆಳಗಿನ ಜಾವ ಐದಕ್ಕೆ ಕಿಟಕಿ ತೆರೆಯಬೇಕು. ಎಂಟೂವರೆಗೆ ಮುಚ್ಚಿ ಪರದೆ ಎಳೆಯಬೇಕು. ಸಂಜೆ ಹೊತ್ತು ಮುಳುಗಿದ ಮೇಲೇ ಮತ್ತೆ ತೆರೆಯೋದು. ನಾವಿದ್ದದ್ದು ಹಳೇ ಮನೆ, ಅಲ್ಲೇ ಸುತ್ತಮುತ್ತ ತೆಗೆಯುವ ಛೀತರ್ ಅನ್ನುವ ಮರಳುಗಲ್ಲಿನದು. ಗೋಡೆ ಒಂದೂವರೆ ಮೊಳ ದಪ್ಪ. ಹಗಲಿನ ಕಾವು ಆ ಕಲ್ಲನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಒಳಗಿನದಕ್ಕಿಂತ ಹೊರಗೇ ತಂಪು. ಅದಕ್ಕೇ ಬೇಸಿಗೆಯಲ್ಲಿ ಎಲ್ಲರೂ ಮಲಗೋದು ತಾರಸಿ ಮೇಲೆ. ಸಂಜೆ ನೆಲಕ್ಕೆ ಒಂದೆರಡು ಚೊಂಬು ನೀರು ಚಿಮುಕಿಸಿ ಮಂಚ ಹಾಕೋದು. ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ ನೋಡಿ, ಕಣ್ಣು ಮುಚ್ಚಿದರೆ ನಮ್ಮೂರಿನ ಮೊದಲ ಮಳೆಯ ವಾಸನೆಯೇ. ಮಲಗಿದಲ್ಲಿಂದ ಒಂದು ಕಡೆ ಬಂಡೆಯ ಮೇಲಿನ ಮೆಹ್ರಾನ್‌ಗಢ ಕೋಟೆ, ತಲೆಯ ಮೇಲೆ ರಾಶಿ ನಕ್ಷತ್ರ. ಮಲೆನಾಡಿನ ಮೋಡದಡಿ ಬೆಳೆದ ನಾನು ಅಷ್ಟು ನಕ್ಷತ್ರ ಕಂಡಿರಲಿಲ್ಲ.

ಕೂಲರ್ ಬಗ್ಗೆಯೂ ಒಂದು ಮಾತು. ಕೂಲರ್ ಹಾಕಿದಾಗ ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಮುಚ್ಚಿಬಿಟ್ಟರೆ ಕೋಣೆಯೊಳಗೆ ತೇವ ಕಟ್ಟಿಕೊಂಡು ಮೈ ಅಂಟಂಟಾಗುತ್ತದೆ. ಒಣಗಾಳಿ ಒದ್ದೆ ಹುಲ್ಲಿನ ಮೂಲಕ ಹಾದುಬರುವಾಗ ನೀರು ಆವಿಯಾಗುತ್ತದೆ. ಹಾಗೆ ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ನಮ್ಮ ಮಡಕೆಯ ನೀರು ತಂಪಾಗುವುದೂ ಹೀಗೇ ಅಲ್ವಾ? ನಮ್ಮ ಹೊಸನಗರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಅಲ್ಲಿ ಕೂಲರ್ ಇಟ್ಟು ಪ್ರಯೋಜನವಿಲ್ಲ. ಜೋಧಪುರದಲ್ಲಿ ಮೇ ತಿಂಗಳ ಮಧ್ಯಾಹ್ನ ಅದೇ ದೇವರು.

ಇನ್ನು ನೀರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 350 ಮಿಲಿಮೀಟರ್. ನಮ್ಮ ಕಡೆ ಜೋರು ಮಳೆಯ ಒಂದೇ ವಾರದಲ್ಲಿ ಅಷ್ಟು ಸುರಿಯುತ್ತದೆ. ಊರಿಗೆ ಕುಡಿಯುವ ನೀರು ಬರೋದು ದೂರದ ಪಂಜಾಬಿನಿಂದ. ಸಟ್ಲೆಜ್ ಮತ್ತು ಬಿಯಾಸ್ ಸೇರುವ ಹರೀಕೆಯಲ್ಲಿ ಹೊರಟ ನೀರು ಇಂದಿರಾ ಗಾಂಧಿ ಕಾಲುವೆಯಲ್ಲಿ ಹರಿದು, ಅಲ್ಲಿಂದ ಪಂಪಿನಲ್ಲಿ ಮೇಲೇರಿ ನಮ್ಮ ನಲ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ರಿಪೇರಿಗೆ ಅಂತ ಕಾಲುವೆ ನಿಲ್ಲಿಸುತ್ತಾರೆ. ನಹರ್‌ಬಂದಿ ಅಂತಾರೆ ಅದಕ್ಕೆ. ಆ ದಿನಗಳಲ್ಲಿ ಕಾಕೀಸಾ ಅಕ್ಕಿ ತೊಳೆದ ನೀರನ್ನು ತುಳಸಿಗೆ ಹಾಕುತ್ತಿದ್ದರು, ಬಟ್ಟೆ ಜಾಲಾಡಿದ ನೀರಲ್ಲಿ ಅಂಗಳ ತೊಳೆಯುತ್ತಿದ್ದರು. ನಾನು ಬಾವಿಗೆ ಕೊಡ ಇಳಿಸಿದರೆ ಕೈಗೆಟಕುವ ನೀರು ಕಂಡವಳು. ಒಂದು ಬಕೆಟ್ ನೀರು ಮೂರು ಕೆಲಸ ಮಾಡಬಹುದು ಅಂತ ಅಲ್ಲಿ ಕಲಿತೆ. ಈಗ ತವರಿಗೆ ಹೋದಾಗ ಬಚ್ಚಲಲ್ಲಿ ನಲ್ಲಿ ಸುಮ್ನೆ ಹರಿಯುತ್ತಿದ್ದರೆ ಎದ್ದು ಹೋಗಿ ನಿಲ್ಲಿಸಿ ಬರುತ್ತೇನೆ.

ಅಷ್ಟಾದರೂ ಮೊದಲ ಕೆಲವು ತಿಂಗಳು ನಾನು ಅಲ್ಲಿ ನೆಂಟಳ ಹಾಗೇ ಇದ್ದೆ. ಅದನ್ನು ಬದಲಾಯಿಸಿದವರು ನಮ್ಮ ಅತ್ತೆ.

ಅವರು ಬಾಗಲಕೋಟೆಯವರು. ದಸರಾಕ್ಕೆ ಎರಡು ವಾರ ಮುಂಚೆ ಬಂದರು. ಬಂದ ಎರಡನೇ ದಿನವೇ ಕಾಕೀಸಾರ ಅಡುಗೆಮನೆಯಿಂದ ಪಟ್ ಪಟ್ ಅಂತ ಸದ್ದು ಕೇಳಿ ಅತ್ತೆಯ ಕಿವಿ ನಿಮಿರಿತು. ಹೋಗಿ ನೋಡಿದರೆ ಕಾಕೀಸಾ ಸಜ್ಜೆ ಹಿಟ್ಟು ತಟ್ಟುತ್ತಿದ್ದಾರೆ. ಅಲ್ಲಿ ಅದಕ್ಕೆ ಸೋಗರಾ ಅಂತಾರೆ, ನಮ್ಮ ರೊಟ್ಟಿಗಿಂತ ದಪ್ಪ. ಅತ್ತೆಗೆ ಹಿಂದಿ ಬಾರದು, ಕಾಕೀಸಾಗೆ ಕನ್ನಡ ಬಾರದು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಉಂಡೆ ತಗೊಂಡು ಕಲ್ಲಿನ ಮೇಲೆ ತಟ್ಟತೊಡಗಿದರು, ತೆಳ್ಳಗೆ, ಹುಣ್ಣಿಮೆ ಚಂದ್ರನ ಹಾಗೆ. ಕಾಕೀಸಾ ಅಂಗೈ ಮೇಲೆ ತಟ್ಟಿದರು. ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಾ, ನಗುತ್ತಾ, ಹತ್ತು ಹನ್ನೆರಡು ರೊಟ್ಟಿಯಾದವು. ಅದರ ಜೊತೆಗೆ ಕೇರ್ ಸಾಂಗ್ರಿ ಪಲ್ಯ. ಕೇರ್ ಅನ್ನೋದು ಮುಳ್ಳುಪೊದೆಯ ಸಣ್ಣ ಕಾಯಿ, ಹಸಿಯಾಗಿ ತಿಂದರೆ ಕಹಿ. ಮಜ್ಜಿಗೆಯಲ್ಲಿ ದಿನಗಟ್ಟಲೆ ನೆನೆಹಾಕಿ ಕಹಿ ತೆಗೆಯುತ್ತಾರೆ. ನಾವು ಕಳಲೆಯನ್ನು ನೀರು ಬದಲಿಸಿ ಬದಲಿಸಿ ನೆನೆಸುವುದಿಲ್ಲವೇ, ಹಾಗೇ.

ಸಾಂಗ್ರಿ ಅನ್ನುವ ಕಾಯಿ ಯಾವ ಮರದ್ದು ಅಂತ ಅತ್ತೆ ಸನ್ನೆಯಲ್ಲೇ ಕೇಳಿದರು. ಕಾಕೀಸಾ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಮರ ತೋರಿಸಿದರು. ದಿನಾ ನೋಡುತ್ತಿದ್ದ ಮರವೇ. ಖೇಜಡಿ ಅಂತ ಹೆಸರು ಗೊತ್ತಿತ್ತು ಅಷ್ಟೇ. ಅತ್ತೆ ಎಲೆ ಮುಟ್ಟಿ ನೋಡಿದರು, ಕೊಂಬೆಯ ಮುಳ್ಳು ನೋಡಿದರು. "ಅಯ್ಯ, ಇದು ನಮ್ಮ ಬನ್ನಿ ಗಿಡ ಅಲ್ಲೇನ!" ಅಂದು ಎರಡೂ ಕೈ ಮುಗಿದುಬಿಟ್ಟರು.

ಹೌದು. ನಾವು ಬನ್ನಿ, ಶಮಿ ಅನ್ನುವ ಮರವೇ ಅಲ್ಲಿನ ಖೇಜಡಿ. ಬೇಸಿಗೆಯಲ್ಲಿ ಸುತ್ತಲಿನದೆಲ್ಲ ಒಣಗಿದರೂ ಅದು ಹಸಿರಾಗಿರುತ್ತದೆ, ಬೇರು ಅಷ್ಟು ಆಳ. ಎಲೆ ಆಡಿಗೆ ಮೇವು, ಕಾಯಿ ಮನುಷ್ಯರಿಗೆ ಊಟ. ಜೋಧಪುರದಿಂದ ಗಂಟೆಯೊಳಗೆ ಸಿಗುವ ಖೇಜಡ್ಲಿ ಹಳ್ಳಿಯಲ್ಲಿ, 1730ರಲ್ಲಿ, ಅರಮನೆಗೆ ಸುಣ್ಣ ಸುಡುವ ಸೌದೆಗಾಗಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಪಂಗಡದ ಹೆಣ್ಣುಮಗಳು ಮರವನ್ನು ತಬ್ಬಿ ನಿಂತಳು. ಅವಳ ಹಿಂದೆ ಊರೂರಿನವರು ನಿಂತರು. 363 ಜನ ಪ್ರಾಣ ಕೊಟ್ಟರು. ಈ ಕಥೆ ಹೇಳುವಾಗ ಕಾಕೀಸಾರ ದನಿ ಇಳಿಯಿತು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.

ವಿಜಯದಶಮಿಯ ಸಂಜೆ ಅತ್ತೆ ಸ್ನಾನ ಮಾಡಿ ಹಿತ್ತಲಿಗೆ ಹೋದರು. ಕೊಂಬೆ ಮುರಿಯಲಿಲ್ಲ. ಮರಕ್ಕೆ ಒಂದು ಚೊಂಬು ನೀರೆರೆದು, ಕುಂಕುಮ ಹಚ್ಚಿ, ಒಂದು ಹಿಡಿ ಎಲೆಯನ್ನಷ್ಟೇ ಬಿಡಿಸಿಕೊಂಡರು. ಮೊದಲು ಕಾಕೀಸಾರ ಕೈಗಿಟ್ಟರು. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ" ಅಂದರು. ನಾನು ಹಿಂದಿಯಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕೀಸಾ ಆ ಎಲೆಗಳನ್ನು ಕಣ್ಣಿಗೊತ್ತಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಾಗಿತ್ತು. ಒಳಗೆ ಹೋಗಿ ಒಂದು ಬಟ್ಟಲು ತುಂಬ ಒಣ ಸಾಂಗ್ರಿ ತಂದು ಅತ್ತೆಯ ಮಡಿಲಿಗೆ ಸುರಿದರು.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಎಲ್ಲಿದ್ದೀಯೇ?" ಅಂದಳು. "ಮನೇಲೇ ಅಮ್ಮ, ತಾರಸಿ ಮೇಲೆ" ಅಂದೆ.

ನಮಸ್ಕಾರ.