ನಾಯಂಡಹಳ್ಳಿಯ ಕುಂಡೆಕುಸ್ಕ

‘ಬೆಂಗಳೂರಿನಲ್ಲಿ ಇನ್ನೇನು ಉಳಿದಿದೆ, ಬರೀ ಸಿಮೆಂಟು.’ ಈ ಮಾತನ್ನು ನಾನೂ ಬಹಳ ವರ್ಷ ಆಡಿದ್ದೇನೆ. ಈಗ ಯಾರಾದರೂ ಹಾಗೆಂದರೆ ಸಿಟ್ಟು ಬರುತ್ತದೆ. ಏಕೆಂದು ಹೇಳುತ್ತೇನೆ, ಕೇಳಿ.

ನಾನು ದಿನವೂ ಇಳಿಯುವುದು ನಾಯಂಡಹಳ್ಳಿ ಮೆಟ್ರೊ ನಿಲ್ದಾಣದಲ್ಲಿ. ಮೇಲೆ ರೈಲು, ಕೆಳಗೆ ಮೈಸೂರು ರಸ್ತೆಯ ಲಾರಿ, ಬಸ್ಸುಗಳು, ಪಕ್ಕದಲ್ಲಿ ವೃಷಭಾವತಿ. ಇದೊಂದು ನದಿ ಎಂದರೆ ಹೊಸಬರು ನಂಬುವುದಿಲ್ಲ. ಕಪ್ಪು ನೀರು, ನೊರೆ, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಇದೇ ನೀರು ಮುಂದೆ ಅರ್ಕಾವತಿಯನ್ನು ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತದೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಆ ನೀರಿನ ಅಂಚಿನ ಕಾಂಕ್ರೀಟಿನ ಮೇಲೆ ಒಂದು ಹಕ್ಕಿ ಓಡಾಡುತ್ತಿತ್ತು. ಬೂದು ಬೆನ್ನು, ಬಾಲದ ಬುಡದಲ್ಲಿ ಅರಿಸಿನ ಹಚ್ಚಿದಂಥ ಹಳದಿ. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಉದ್ದನೆಯ ಬಾಲವನ್ನು ಮೇಲೆ ಕೆಳಗೆ ಕುಣಿಸುವುದು, ಹುಳುವೊಂದನ್ನು ಹೆಕ್ಕಿ ಮತ್ತೆ ಓಡುವುದು. ಬೂದು ಸಿಪಿಲೆ. ಸಿಪಿಲೆ ಜಾತಿಗೆ ನಮ್ಮ ಜನ ಕುಂಡೆಕುಸ್ಕ ಎಂದೂ ಕರೆಯುತ್ತಾರೆ. ಆ ಕುಣಿತವನ್ನು ಒಮ್ಮೆ ನೋಡಿದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಿಮಾಲಯದ ತೊರೆಗಳ ಬದಿಯ ಬಂಡೆಗಳ ನಡುವೆ, ಅದರಾಚೆಯ ತಣ್ಣನೆಯ ನಾಡುಗಳಲ್ಲಿ ಮರಿ ಮಾಡುವ ಹಕ್ಕಿ ಇದು. ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತದೆ. ಅಷ್ಟು ದೂರ ಹಾರಿಬಂದ ಹಕ್ಕಿಗೆ ನಾವು ಕೊಟ್ಟ ನೀರು ಇದು. ಸಂತೋಷವೂ ನಾಚಿಕೆಯೂ ಒಟ್ಟಿಗೇ ಆಯಿತು. ಅಂದು ಕಚೇರಿಗೆ ತಡವಾಗಿ ಹೋದೆ.

ಅಲ್ಲಿಂದ ಮುಂದೆ ನೆಲ ನೋಡಿಕೊಂಡು ನಡೆಯುವುದು ಅಭ್ಯಾಸವಾಯಿತು. ನಿಲ್ದಾಣದಿಂದ ಕಚೇರಿಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲೇ ಗರಿಕೆ, ಉತ್ತರಾಣಿ, ಹೊನಗೊನೆ ಸಿಕ್ಕಿದವು. ಬೇಸಿಗೆಯಲ್ಲಿ ಒಣಗಿ ಮಾಯವಾಗಿ, ಮಳೆ ಬಿದ್ದೊಡನೆ ಹಳೆಯ ಬೇರಿನಿಂದಲೇ ಎದ್ದುಬರುವ ಕೊಮ್ಮೆಯೂ ಇತ್ತು. ಪುನರ್ನವ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲ. ಒಂದು ಕಾಂಪೌಂಡ್ ಗೋಡೆಯ ಬುಡದ ಬಿರುಕಿನಲ್ಲಿ ನೆಲನೆಲ್ಲಿ. ಅದರ ಗೆಲ್ಲನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ: ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಯಿಗಳು ಪೋಣಿಸಿದಂತೆ ಸಾಲಾಗಿರುತ್ತವೆ. ಸಂಜೆ ನಾನು ಮರಳುವ ಹೊತ್ತಿಗೆ ಎಲೆಗಳನ್ನು ಮಡಚಿಕೊಂಡಿರುತ್ತದೆ.

ನನ್ನ ತಕರಾರು ಇಷ್ಟೇ. ‘ಏನೂ ಉಳಿದಿಲ್ಲ’ ಎಂದವರು ಉಳಿದದ್ದನ್ನು ಕಾಯುವ ಕೆಲಸದಿಂದಲೂ ಕೈತೊಳೆದುಕೊಳ್ಳುತ್ತಾರೆ. ಪಾದಚಾರಿ ಮಾರ್ಗ ಹೊಸದು ಮಾಡುವಾಗ ಹೊಂಗೆ ಮರದ ಕುತ್ತಿಗೆ ಹಿಡಿದಂತೆ ಸುತ್ತಲೂ ಕಾಂಕ್ರೀಟು ಸುರಿಯುತ್ತಾರೆ. ಬೇರಿಗೆ ನೀರಿಲ್ಲ, ಗಾಳಿಯಿಲ್ಲ. ನಾವು ನೋಡಿಕೊಂಡು ಮುಂದೆ ಹೋಗುತ್ತೇವೆ. ಸೇತುವೆಯ ಸಂದಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಕೀಳಲೇಬೇಕು, ಅದರ ಬೇರು ಗೋಡೆ ಸೀಳುತ್ತದೆ, ಒಪ್ಪುತ್ತೇನೆ. ಮರದ ಬುಡದ ಎರಡು ಗೇಣು ಮಣ್ಣು ಯಾರಿಗೆ ಏನು ಮಾಡಿದೆ?

ಮೊನ್ನೆ ನನ್ನ ದಾರಿಯಲ್ಲೂ ಜಲ್ಲಿ ಬಂದು ಬಿತ್ತು. ಗುರುತಿಲ್ಲದ ಮೇಸ್ತ್ರಿಯ ಬಳಿ ಹೋಗಿ, ಹೊಂಗೆಯ ಬುಡ ಸ್ವಲ್ಪ ಬಿಡಿ, ಈ ಗಿಡವನ್ನೂ ಬಿಡಿ ಎಂದು ಕೇಳಿದೆ. ಹೇಗೆ ಕೇಳುವುದೆಂದು ನಾಲ್ಕು ಸಲ ಯೋಚಿಸಿದ್ದೆ. ಆತ ಬಗ್ಗಿ ನೋಡಿದರು. ‘ನೆಲನೆಲ್ಲಿ ಅಲ್ಲವೇ ಸರ್? ನಮ್ಮ ಅಜ್ಜಿ ಕಾಮಾಲೆಗೆ ಇದನ್ನೇ ಅರೆದು ಕೊಡುತ್ತಿದ್ದರು’ ಎಂದರು. ಮರದ ವಿಷಯ ಎಂಜಿನಿಯರನ್ನು ಕೇಳಬೇಕು ಎಂದರು. ಆಮೇಲೆ ಸಲಿಕೆ ತೆಗೆದುಕೊಂಡು, ಗೋಡೆಗೆ ತಾಗಿದ್ದ ಜಲ್ಲಿಯನ್ನು ತಾವೇ ಈಚೆಗೆ ಎಳೆದರು.

ಎಂಜಿನಿಯರು ಇನ್ನೂ ಬಂದಿಲ್ಲ. ನಾಳೆ ಬರುತ್ತಾರಂತೆ. ನಾನೂ ಅರ್ಧ ಗಂಟೆ ಮೊದಲೇ ಹೋಗುತ್ತೇನೆ.