ಸೌದೆ ಮೆಷಿನ್ ಗಂಟಿಗೆ ನಿಂತುಬಿಡ್ತಾ? ಪಂಪ್ ಬಿಚ್ಚೋ ಮುಂಚೆ ಎಂಜಿನ್ ಸದ್ದು ಕೇಳಿ

[ದೃಶ್ಯ: ಹೈಡ್ರಾಲಿಕ್ ಸೌದೆ ಸೀಳುವ ಮೆಷಿನ್. ಬ್ಲೇಡ್ ದಿಮ್ಮಿಯೊಳಗೆ ಅರ್ಧ ಇಂಚು ಹೋಗಿ ನಿಂತಿದೆ. ಎಂಜಿನ್ ಓಡ್ತಾನೇ ಇದೆ.]

ನಮಸ್ಕಾರ. ಬ್ಲೇಡ್ ಹೀಗೆ ನಿಂತ ಕೂಡಲೇ ಎಲ್ಲರ ಬಾಯಲ್ಲೂ ಬರೋ ಮಾತು ಒಂದೇ, "ಪಂಪ್ ಹೋಯ್ತು." ಹೊಸ ಪಂಪ್ ಹಾಕಿಸ್ತಾರೆ, ದುಡ್ಡು ಖರ್ಚಾಗುತ್ತೆ, ಬ್ಲೇಡ್ ಮತ್ತೆ ಅಲ್ಲೇ ನಿಲ್ಲುತ್ತೆ. ಮಲೆನಾಡಲ್ಲಿ ಅಡಿಕೆ ಬೇಯಿಸೋ ಸುಗ್ಗಿಯಲ್ಲಿ ಹೀಗಾದರೆ ಮನೆಯವರ ಪಾಡು ಏನು ಅಂತ ನಿಮಗೇ ಗೊತ್ತು. ಅದಕ್ಕೇ ಇವತ್ತಿನ ವಿಡಿಯೋ.

[ದೃಶ್ಯ: ಸಿಲಿಂಡರ್ ಹತ್ತಿರದಿಂದ]

ಮೊದಲು ಒಂದು ಲೆಕ್ಕ. ಸಿಲಿಂಡರ್ ಒಳಗಿನ ವ್ಯಾಸ 100 ಮಿ.ಮೀ. ಅಂದ್ಕೊಳ್ಳಿ. ಪಿಸ್ಟನ್ ವಿಸ್ತೀರ್ಣ ಸುಮಾರು 78 ಚದರ ಸೆಂ.ಮೀ. ಆಯಿಲ್ ಪ್ರೆಶರ್ 175 ಬಾರ್ ಇದ್ದರೆ ದಿಮ್ಮಿ ಮೇಲೆ ಬೀಳೋ ಬಲ ಹತ್ತಿರ ಹತ್ತಿರ 14 ಟನ್. ಪ್ರೆಶರ್ ಅರ್ಧಕ್ಕಿಳಿದರೆ ಬಲ 7 ಟನ್. ಒಣಗಿದ ನೇರ ದಿಮ್ಮಿ ಆಗಲೂ ಸೀಳುತ್ತೆ, ಗಂಟಿರೋದು ಸೀಳಲ್ಲ. ಹಾಗಾಗಿ ಪರೀಕ್ಷೆ ಮಾಡೋವಾಗ ಗಂಟಿರೋ ದಿಮ್ಮೀನೇ ಇಡಿ.

ಇಂಥ ಬಹಳಷ್ಟು ಮೆಷಿನ್‌ಗಳಲ್ಲಿ ಇರೋದು ಎರಡು ಹಂತದ ಗೇರ್ ಪಂಪ್. ಬ್ಲೇಡ್ ದಿಮ್ಮಿ ಮುಟ್ಟೋವರೆಗೆ ಎರಡೂ ಜೋಡಿ ಗೇರ್ ಸೇರಿ ಹೆಚ್ಚು ಆಯಿಲ್ ತಳ್ಳುತ್ತವೆ, ಬ್ಲೇಡ್ ಸರಸರ ಬರುತ್ತೆ. ಪ್ರೆಶರ್ 30ರಿಂದ 60 ಬಾರ್ ಒಳಗೆಲ್ಲೋ ತಲುಪಿದಾಗ ದೊಡ್ಡ ಜೋಡಿ ಕೆಲಸ ಬಿಡುತ್ತೆ, ಚಿಕ್ಕ ಜೋಡಿ ಒಂದೇ ತಳ್ಳುತ್ತೆ. ಆಗ ವೇಗ ಕಡಿಮೆ, ಬಲ ಜಾಸ್ತಿ. ಗಂಟಿಗೆ ಸಿಕ್ಕಾಗ ಬ್ಲೇಡ್ ನಿಧಾನ ಆಗೋದು ದೋಷ ಅಲ್ಲ.

[ದೃಶ್ಯ: ಎಂಜಿನ್ ಸದ್ದು ಮಾತ್ರ, ಹತ್ತು ಸೆಕೆಂಡ್]

ಈಗ ಕಿವಿಗೊಡಿ. ಬ್ಲೇಡ್ ಗಂಟಿಗೆ ತಾಗಿದ ಕೂಡಲೇ ಎಂಜಿನ್ ಉಸಿರುಗಟ್ಟಿದ ಹಾಗೆ ಎಳೆದು ಆಫ್ ಆಗ್ತಿದೆಯಾ? ಹಾಗಾದರೆ ದೊಡ್ಡ ಜೋಡಿ ಗೇರ್ ಕೆಲಸ ಬಿಡ್ತಾ ಇಲ್ಲ. ಪಂಪ್ ಒಳಗಿನ ಅನ್‌ಲೋಡರ್ ವಾಲ್ವ್ ಕಸಕ್ಕೆ ಸಿಕ್ಕಿ ಕಚ್ಚಿಕೊಂಡಿರಬಹುದು. ಇಲ್ಲಾ ಎಂಜಿನ್‌ಗೇ ದಮ್ಮಿಲ್ಲ, ಏರ್ ಫಿಲ್ಟರ್ ತೆಗೆದು ನೋಡಿ.

ಅದೇ, ಬ್ಲೇಡ್ ನಿಂತರೂ ಎಂಜಿನ್ ಆರಾಮಾಗಿ ಓಡ್ತಾನೇ ಇದ್ದರೆ? ಲೋಡ್ ಎಂಜಿನ್‌ವರೆಗೆ ಬರ್ತಾನೇ ಇಲ್ಲ, ಪ್ರೆಶರ್ ಎಲ್ಲೋ ಸೋರಿ ಹೋಗ್ತಿದೆ. ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದರೆ ಆಯಿಲ್ಲನ್ನ ಟ್ಯಾಂಕಿಗೆ ವಾಪಸ್ ಬಿಡೋದು), ಸಿಲಿಂಡರಿನ ಪಿಸ್ಟನ್ ಸೀಲ್ (ಪಿಸ್ಟನ್ ದಾಟಿ ಆಯಿಲ್ ಆಚೆ ಹೋಗದ ಹಾಗೆ ತಡೆಯೋ ರಿಂಗ್), ಸವೆದ ಪಂಪ್, ಈ ಮೂರರಲ್ಲಿ ಒಂದು. ಪಂಪನ್ನ ಕೊನೆಗೇ ಇಟ್ಕೊಳ್ಳಿ.

[ದೃಶ್ಯ: ಗಾಜಿನ ಬಾಟಲಿಯಲ್ಲಿ ಬಿಳಿಚಿದ ಆಯಿಲ್]

ಇದಕ್ಕೂ ಮುಂಚೆ ಆಯಿಲ್ ನೋಡಲೇಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಂದು ಬಾಟಲಿಗೆ ತೆಗೆದು ಅಲುಗಾಡಿಸದೆ ಇಡಿ. ಸ್ವಲ್ಪ ಹೊತ್ತಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾಗ್ತಾ ಬಂದರೆ ಅದರಲ್ಲಿ ಸೇರಿರೋದು ಗಾಳಿ. ಎಷ್ಟು ಹೊತ್ತಾದರೂ ಬೆಳ್ಳಗೇ ಇದ್ದರೆ ನೀರು. ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳ ಸರಿಯಿಲ್ಲದೆ ಹೊರಗೆ ನಿಂತ ಮೆಷಿನ್‌ಗೆ ಹೀಗಾಗುತ್ತೆ, ಆಯಿಲ್ ಪೂರ್ತಿ ಬದಲಾಯಿಸಿ.

ಗಾಳಿ ಬರೋದು ಸಕ್ಷನ್ ಹೋಸ್‌ನಿಂದ, ಅಂದ್ರೆ ಟ್ಯಾಂಕಿನಿಂದ ಪಂಪಿಗೆ ಹೋಗೋ ದಪ್ಪ ಪೈಪು. ಇದು ಮೋಸ ಮಾಡೋ ಜಾಗ. ಮೆಷಿನ್ ಓಡುವಾಗ ಇಲ್ಲಿ ಆಯಿಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಎಳ್ಕೊಳ್ಳುತ್ತೆ. ಕ್ಲಾಂಪ್ ಸುತ್ತ ಗ್ರೀಸ್ ಮೆತ್ತಿ, ಪಂಪಿನ ಗರಗರ ಸದ್ದು ಕಡಿಮೆ ಆದರೆ ಸೋರಿಕೆ ಅಲ್ಲೇ. ಸದ್ದು ಹಾಗೇ ಇದ್ದರೆ ಟ್ಯಾಂಕ್ ಒಳಗಿನ ಜಾಲರಿ ಕಟ್ಟಿದೆಯಾ ನೋಡಿ.

[ದೃಶ್ಯ: ರಿಲೀಫ್ ವಾಲ್ವ್ ಸ್ಕ್ರೂ, ಪಕ್ಕದಲ್ಲಿ ಪ್ರೆಶರ್ ಗೇಜ್]

ರಿಲೀಫ್ ವಾಲ್ವ್ ಸ್ಕ್ರೂ. ಗೇಜ್ ಹಾಕದೆ ಇದನ್ನ ತಿರುಗಿಸಬೇಡಿ, ಕೈ ಮುಗಿದು ಕೇಳ್ತೀನಿ. ಅಂದಾಜಿನ ಮೇಲೆ ಬಿಗಿ ಮಾಡಿದರೆ ಹೋಸ್ ಸಿಡಿಯುತ್ತೆ. ಗೇಜ್ ಹಾಕಿ ಕಂಪನಿ ಹೇಳಿದ ಪ್ರೆಶರ್ ಬರುತ್ತಾ ನೋಡಿ. ಸ್ಕ್ರೂ ಸ್ವಲ್ಪ ತಿರುಗಿಸಿದರೂ ಮುಳ್ಳು ಏರದಿದ್ದರೆ ಮೊದಲಿದ್ದ ಜಾಗಕ್ಕೇ ತನ್ನಿ. ವಾಲ್ವ್ ಬಿಚ್ಚಿ, ಒಳಗೆ ಕಸ ಕೂತಿದೆಯಾ, ಸ್ಪ್ರಿಂಗ್ ಮುರಿದಿದೆಯಾ ನೋಡಿ. ಅಲ್ಲಿ ಎಲ್ಲ ಸರಿ ಇದ್ದರೆ ಪಿಸ್ಟನ್ ಸೀಲ್ ಪರೀಕ್ಷೆ ಮಾಡಿ.

[ದೃಶ್ಯ: ರಾಡ್ ಪೂರ್ತಿ ಹೊರಗೆ]

ಬ್ಲೇಡ್ ಪೂರ್ತಿ ಮುಂದಕ್ಕೆ ಹೋಗಲಿ. ಎಂಜಿನ್ ಆಫ್ ಮಾಡಿ, ಲಿವರ್ ಹಿಂದೆ ಮುಂದೆ ಆಡಿಸಿ ಪ್ರೆಶರ್ ಇಳಿಸಿ. ರಾಡ್ ಕಡೆಯ ಹೋಸ್, ಅಂದ್ರೆ ಬ್ಲೇಡ್ ತಳ್ಳೋ ಕಂಬಿ ಸಿಲಿಂಡರಿನಿಂದ ಹೊರಬರೋ ತುದಿಯ ಪೈಪು, ಬಿಚ್ಚಿ, ಹೋಸಿನ ಬಾಯಿಗೆ ಸರಿಯಾದ ಪ್ಲಗ್ ಹಾಕಿ, ಸಿಲಿಂಡರ್ ಕೆಳಗೆ ಬಕೆಟ್ ಇಡಿ. ಪಕ್ಕಕ್ಕೆ ಸರಿದು ನಿಂತು, ಕಡಿಮೆ ರೇಸಲ್ಲಿ ಲಿವರ್ ಮುಂದಕ್ಕೇ ಒತ್ತಿ. ತೆರೆದ ಬಾಯಿಂದ ಆಯಿಲ್ ಧಾರೆ ನಿಲ್ಲದೆ ಬಂದರೆ ಸೀಲ್ ಹೋಗಿದೆ, ಸೀಲ್ ಕಿಟ್ ಸಾಕು. ಏನೂ ಬರದಿದ್ದರೆ, ಆಗ ಪಂಪ್ ಬಿಚ್ಚಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಹೋಸ್ ಎಲ್ಲಿ ಸೋರ್ತಿದೆ ಅಂತ ಕೈ ಸವರಿ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಬರೋ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ಅಷ್ಟೇನೂ ನೋಯಲ್ಲ. ಒಳಗೆ ಮಾಂಸ ಕೊಳೆಯೋಕೆ ಶುರುವಾಗುತ್ತೆ. ನೋವಿಗೆ ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ, "ಪ್ರೆಶರ್ ಆಯಿಲ್ ಒಳಗೆ ಹೊಕ್ಕಿದೆ" ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ತಡಮಾಡಿ ಬೆರಳು ಕಳ್ಕೊಂಡವರಿದ್ದಾರೆ.

[ದೃಶ್ಯ: ರಾಡ್ ಒಳಗೆ ಸೇರಿದೆ, ಡಿಪ್‌ಸ್ಟಿಕ್]

ರಿಪೇರಿ ಆದ ಮೇಲೆ ದಿಮ್ಮಿ ಇಡದೆ ರಾಡನ್ನ ಪೂರ್ತಿ ಹೊರಗೆ, ಪೂರ್ತಿ ಒಳಗೆ ಕೆಲವು ಸಲ ಓಡಿಸಿ, ಗಾಳಿ ಹೋಗಲಿ. ಆಯಿಲ್ ಮಟ್ಟ ನೋಡೋದು ರಾಡ್ ಒಳಗಿದ್ದಾಗ. ಹೊರಗಿದ್ದಾಗ ನೋಡಿ ತುಂಬಿಸಿದರೆ, ರಾಡ್ ಒಳಗೆ ಬಂದ ಕೂಡಲೇ ಟ್ಯಾಂಕ್ ಬಾಯಿಂದ ಉಕ್ಕುತ್ತೆ.