ಗ್ರೇವಿಯ ಹಾಡು, ಬಹಿಷ್ಕಾರದ ಕೂಗು

ಕೇಳುಗರಿಗೆ ನಮಸ್ಕಾರ.

2020ರ ನವೆಂಬರ್ ನಡುವಿನಲ್ಲಿ, ಕೋವಿಡ್‌ನ ಎರಡನೆಯ ಲಾಕ್‌ಡೌನಿನಿಂದಾಗಿ ಇಂಗ್ಲೆಂಡಿನ ಜನ ಮನೆಯೊಳಗೇ ಉಳಿದಿದ್ದಾಗ, ಅಲ್ಲಿನ ಸೇನ್ಸ್‌ಬರೀಸ್ ಎಂಬ ಸೂಪರ್‌ಮಾರ್ಕೆಟ್ ಸಂಸ್ಥೆ ತನ್ನ ಕ್ರಿಸ್‌ಮಸ್ ಜಾಹೀರಾತನ್ನು ಬಿಡುಗಡೆ ಮಾಡಿತು. ಅದರಲ್ಲಿ ತಂದೆ ಮತ್ತು ಮಗಳು ಫೋನಿನಲ್ಲಿ ಮಾತನಾಡುತ್ತಾರೆ. ಈ ಸಲ ಹಬ್ಬಕ್ಕೆ ಎಲ್ಲರೂ ಸೇರಲು ಆಗುವುದೋ ಇಲ್ಲವೋ ಎಂಬ ಅನುಮಾನ ಇಬ್ಬರಿಗೂ ಇದೆ. ತಂದೆಗೆ ತಾನು ಮಾಡುವ ಗ್ರೇವಿಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಅದನ್ನು ಹೊಗಳಿ ತಾನೇ ಕಟ್ಟಿದ ಹಾಡೊಂದನ್ನು ಹಾಡಿಯೇ ಬಿಡುತ್ತಾನೆ. ಮಗಳಿಗೆ ನಗುವೂ ಮುಜುಗರವೂ ಒಟ್ಟಿಗೇ ಬರುತ್ತವೆ. ಮಾತಿನ ನಡುವೆ ಮನೆಯವರೇ ಹಿಂದೆ ಯಾವಾಗಲೋ ತೆಗೆದಂತೆ ಕಾಣುವ ವಿಡಿಯೊ ತುಣುಕುಗಳು ಹಾದುಹೋಗುತ್ತವೆ. ಈ ಗ್ರೇವಿ ನಮ್ಮ ಹೋಟೆಲುಗಳ ಈರುಳ್ಳಿ ಟೊಮ್ಯಾಟೊ ಮಸಾಲೆಯಲ್ಲ. ಹುರಿದ ಮಾಂಸದಿಂದ ಇಳಿದ ರಸಕ್ಕೆ ಹಿಟ್ಟು ಬೆರೆಸಿ ಕುದಿಸಿ, ಹಬ್ಬದ ದಿನ ಟರ್ಕಿ ಕೋಳಿಯ ಮೇಲೂ ಹುರಿದ ಆಲೂಗಡ್ಡೆಯ ಮೇಲೂ ಸುರಿದುಕೊಳ್ಳುವ ಕಂದು ಬಣ್ಣದ ಸಾರು. ಇಂಗ್ಲಿಷರ ಹಬ್ಬದೂಟದಲ್ಲಿ ಇದಕ್ಕಿಂತ ಹೆಚ್ಚು ಇಂಗ್ಲಿಷ್ ಆದದ್ದು ಇನ್ನೊಂದಿರಲಾರದು. ಜಾಹೀರಾತಿನಲ್ಲಿ ಇರುವುದು ಇಷ್ಟೇ. ಆ ಕುಟುಂಬ ಕಪ್ಪು ಜನಾಂಗದ್ದು.

ಅಷ್ಟಕ್ಕೇ ಸಾಮಾಜಿಕ ಜಾಲತಾಣಗಳಲ್ಲಿ ಗದ್ದಲ ಎದ್ದಿತು. ಈ ಜಾಹೀರಾತಿನಲ್ಲಿ ನಾವೆಲ್ಲಿದ್ದೇವೆ, ಇದು ನಮ್ಮ ದೇಶವೇ ಅಲ್ಲ, ಇನ್ನು ಮೇಲೆ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಧಾಟಿಯ ಮಾತುಗಳ ಜೊತೆಗೆ, ಇಲ್ಲಿ ಉಚ್ಚರಿಸಲಾಗದ ಜನಾಂಗೀಯ ಬೈಗುಳಗಳೂ ಬಂದವು. ಸಂಸ್ಥೆ ಜಾಹೀರಾತನ್ನು ಹಿಂತೆಗೆದುಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಎಲ್ಲರನ್ನೂ ಒಳಗೊಳ್ಳುವ ಅಂಗಡಿಯಾಗಬೇಕೆಂಬುದು ತನ್ನ ಆಸೆ, ಇಂದಿನ ಬ್ರಿಟನ್ ಹೇಗಿದೆಯೋ ಹಾಗೆ ತೋರಿಸುವುದು ತನ್ನ ಉದ್ದೇಶ, ಈ ಸರಣಿಯಲ್ಲಿ ಮೂರು ಬೇರೆ ಬೇರೆ ಕುಟುಂಬಗಳ ಮೂರು ಕಥೆಗಳಿವೆ ಎಂದು ಅದು ಉತ್ತರಿಸಿತು. ಮೂರರಲ್ಲಿ ಮೊದಲನೆಯದನ್ನು ನೋಡಿದೊಡನೆಯೇ ಹಲವರ ತಾಳ್ಮೆ ಮುಗಿದಿತ್ತು.

ಒಂದು ದಿನಸಿ ಅಂಗಡಿಯ ಜಾಹೀರಾತಿಗೆ ಇಷ್ಟು ತೂಕ ಏಕೆ ಎಂದು ನಮಗೆ ಅನ್ನಿಸಬಹುದು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಜಾಹೀರಾತು ಒಂದು ವಾರ್ಷಿಕ ಆಚರಣೆಯೇ ಆಗಿಬಿಟ್ಟಿದೆ. ಜಾನ್ ಲೂಯಿಸ್ ಎಂಬ ಮಳಿಗೆ 2007ರಿಂದ ಈಚೆಗೆ ವರ್ಷಕ್ಕೊಂದು ಪುಟ್ಟ ಕಥೆಯನ್ನು ಹೇಳತೊಡಗಿದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ನವೆಂಬರ್ ಬಂತೆಂದರೆ ಈ ಸಲ ಯಾರ ಜಾಹೀರಾತು ಕಣ್ಣಲ್ಲಿ ನೀರು ತರಿಸಿತು, ಯಾರದು ಸಪ್ಪೆಯಾಯಿತು ಎಂದು ಪತ್ರಿಕೆಗಳು ವಿಮರ್ಶೆ ಬರೆಯುತ್ತವೆ. ಇವುಗಳಲ್ಲಿ ಸಾಮಾನಿನ ಬೆಲೆಯ ಮಾತು ಬರುವುದೇ ಅಪರೂಪ. ಹಬ್ಬವೆಂದರೆ ಹೇಗಿರಬೇಕು, ಮನೆಯೆಂದರೆ ಏನು, ಊಟದ ಮೇಜಿನ ಸುತ್ತ ಯಾರು ಕೂತಿರುತ್ತಾರೆ ಎಂಬ ಚಿತ್ರವನ್ನು ಅವು ನಾಡಿನ ಮುಂದಿಡುತ್ತವೆ. ಮೇಜಿನ ಸುತ್ತ ಯಾರಿದ್ದಾರೆ ಎಂಬ ಕಡೆಗೇ ಜಗಳ ಹೊರಳುವುದು ಈ ಕಾರಣಕ್ಕೆ.

ಆ ವರ್ಷದ ಹಿನ್ನೆಲೆಯನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಅವರು ಪೊಲೀಸರ ಕೈಯಲ್ಲಿ ಹತರಾದ ಬಳಿಕ, ಜೂನ್ 7ರಂದು ಬ್ರಿಸ್ಟಲ್ ನಗರದಲ್ಲಿ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಪ್ರತಿಭಟನಕಾರರು ಕೆಡವಿ ಬಂದರಿನ ನೀರಿಗೆ ನೂಕಿದ್ದರು. ಅಕ್ಟೋಬರಿನಲ್ಲಿ, ಕಪ್ಪು ಜನರ ಇತಿಹಾಸದ ಮಾಸಾಚರಣೆಗೆ ಬೆಂಬಲ ಸೂಚಿಸಿದ ಸೇನ್ಸ್‌ಬರೀಸ್, ಎಲ್ಲರನ್ನೂ ಒಳಗೊಳ್ಳುವ ಅಂಗಡಿ ಬೇಡವೆನ್ನುವವರು ಬೇರೆ ಕಡೆ ಕೊಳ್ಳಬಹುದು ಎಂದು ನೇರವಾಗಿಯೇ ಹೇಳಿತ್ತು. ಅಂಗಡಿಯವರೇ ಗಿರಾಕಿಗೆ ಬಾಗಿಲು ತೋರಿಸುವುದು ವ್ಯಾಪಾರದಲ್ಲಿ ಕಾಣಸಿಗುವ ಮಾತಲ್ಲ. ಬಹಿಷ್ಕಾರದ ಮೊದಲ ಕರೆ ಆಗಲೇ ಹೊರಟಿತ್ತು. ಗ್ರೇವಿಯ ಹಾಡು ಬಂದಾಗ ಸಿಟ್ಟು ಮೊದಲೇ ಸಿದ್ಧವಾಗಿತ್ತು.

ಇಂಥ ಪ್ರಕರಣಗಳನ್ನೆಲ್ಲ ಬಹಿಷ್ಕಾರವೆಂಬ ಒಂದೇ ಹೆಸರಿನಡಿ ಸೇರಿಸಿ, ಜನ ಸಿಟ್ಟಾದರು, ಕಂಪನಿ ಬಗ್ಗಿತು ಅಥವಾ ಬಗ್ಗಲಿಲ್ಲ ಎಂದು ವರದಿ ಮಾಡುವ ರೂಢಿ ನನಗೆ ಸರಿಯೆನಿಸುವುದಿಲ್ಲ. ಕೂಗು ಎಷ್ಟು ದೊಡ್ಡದು ಎಂಬುದಕ್ಕಿಂತ, ಜಾಹೀರಾತಿನ ಯಾವ ಅಂಶ ಕೆಣಕಿತು ಎಂದು ವಿಚಾರಿಸಬೇಕು. ಹಾಗೆ ನೋಡಿದರೆ ಒಂದರಂತೆ ಇನ್ನೊಂದಿಲ್ಲ.

ಟೆಸ್ಕೋ ಸಂಸ್ಥೆಯ ಎರಡು ಪ್ರಸಂಗಗಳನ್ನೇ ನೋಡಿ. ಬ್ರಿಟನ್ನಿನ ಅತಿ ದೊಡ್ಡ ದಿನಸಿ ವ್ಯಾಪಾರಿಯಾದ ಈ ಸಂಸ್ಥೆ ಬೆಂಗಳೂರಿಗೆ ಅಪರಿಚಿತವಲ್ಲ. ವೈಟ್‌ಫೀಲ್ಡಿನ ಅದರ ಕಚೇರಿಯಲ್ಲಿ ಕುಳಿತು ಸಾವಿರಾರು ಮಂದಿ ಅದರ ಲೆಕ್ಕಪತ್ರ ಮತ್ತು ತಂತ್ರಾಂಶದ ಕೆಲಸ ನೋಡಿಕೊಳ್ಳುತ್ತಾರೆ. 2017ರಲ್ಲಿ ಅದರ ಹಬ್ಬದ ಜಾಹೀರಾತು ಎಲ್ಲರಿಗೂ ಸ್ವಾಗತ ಎಂಬ ಮಾತಿನೊಂದಿಗೆ ಹಲವು ಮನೆಗಳ ಟರ್ಕಿ ಅಡುಗೆಯ ಪಾಡನ್ನು ತೋರಿಸಿತು. ಅದರಲ್ಲೊಂದು ಕ್ಷಣ, ತಲೆಗೆ ಹಿಜಾಬ್ ಧರಿಸಿದ ಮುಸ್ಲಿಂ ಮಹಿಳೆಯರು ಕಾಣಿಸುತ್ತಾರೆ. ಮುಸ್ಲಿಮರು ಕ್ರಿಸ್‌ಮಸ್ ಆಚರಿಸುವುದಿಲ್ಲವಲ್ಲ, ಇದು ಕ್ರೈಸ್ತರ ಹಬ್ಬಕ್ಕೆ ಅವಮಾನ ಎಂದು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಕ್ರಿಸ್ತನ ಸುಳಿವೇ ಇಲ್ಲದೆ ಬರೀ ಊಟದ ಮೇಲೆ ನಡೆಯುವ ಜಾಹೀರಾತಿನಲ್ಲಿ, ಧರ್ಮಕ್ಕೆ ಧಕ್ಕೆಯಾಗಿರುವುದು ಆ ಒಂದು ಕ್ಷಣದಿಂದ ಮಾತ್ರ ಎಂದು ಹುಡುಕಿ ತೆಗೆದದ್ದು ಸೋಜಿಗವೇ ಸರಿ.

2021ರದು ಬೇರೆಯೇ ಸಂಗತಿ. ಈ ಸಲದ ಹಬ್ಬವನ್ನು ಯಾರೂ ತಡೆಯಲಾರರು ಎನ್ನುವ ಉತ್ಸಾಹದ ಜಾಹೀರಾತಿನಲ್ಲಿ, ಸಾಂತಾ ಕ್ಲಾಸ್‌ನನ್ನು ಕ್ವಾರಂಟೈನ್‌ನಲ್ಲಿ ಇರಿಸಬಹುದೆಂಬ ಸುದ್ದಿ ಟೀವಿಯಲ್ಲಿ ಬರುತ್ತದೆ; ಆತ ಗಡಿ ತಪಾಸಣೆಯ ಅಧಿಕಾರಿಯ ಮುಂದೆ ಮೊಬೈಲ್ ಹಿಡಿದು, ಲಸಿಕೆ ಹಾಕಿಸಿಕೊಂಡ ದಾಖಲೆ ತೋರಿಸಿ ಒಳಗೆ ಬರುತ್ತಾನೆ. ಲಸಿಕೆ ಹಾಕಿಸಿಕೊಳ್ಳದವರನ್ನು ಕೀಳಾಗಿ ಕಾಣುವುದಕ್ಕೆ ಇದು ಕುಮ್ಮಕ್ಕು ಕೊಡುತ್ತದೆ, ಒತ್ತಾಯ ಹೇರುತ್ತದೆ ಎಂದು ಜಾಹೀರಾತು ಮಾನದಂಡ ಪ್ರಾಧಿಕಾರಕ್ಕೆ 5,000ಕ್ಕೂ ಹೆಚ್ಚು ದೂರುಗಳು ಹೋದವು. ಪ್ರಾಧಿಕಾರದ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ದೂರು ಬಂದಿದ್ದದ್ದು 2014ರ ಒಂದು ಬಾಜಿ ಕಂಪನಿಯ ಜಾಹೀರಾತಿಗೆ ಮಾತ್ರ. ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲವಾದರೂ ಅದು ಸರ್ಕಾರದ ನೀತಿಯೊಂದನ್ನು ಕುರಿತ ಆಕ್ಷೇಪವಾಗಿತ್ತು ಎಂಬುದನ್ನು ಒಪ್ಪಬೇಕು. ಲಸಿಕೆಯ ಪಾಸು ಬೇಕೇ ಬೇಡವೇ ಎಂದು ಪಾರ್ಲಿಮೆಂಟಿನಲ್ಲೇ ವಾದ ನಡೆಯುತ್ತಿದ್ದ ಕಾಲವದು.

ಇಲ್ಲಿ ಆ ಪ್ರಾಧಿಕಾರದ ಕೆಲಸದ ಬಗೆಯನ್ನು ಒಂದಿಷ್ಟು ಹೇಳಬೇಕು. 1962ರಲ್ಲಿ ಹುಟ್ಟಿದ ಇದು ಸರ್ಕಾರಿ ಇಲಾಖೆಯಲ್ಲ. ಜಾಹೀರಾತು ಉದ್ಯಮವೇ ತೆರುವ ಸಣ್ಣ ಸುಂಕದಿಂದ ನಡೆಯುವ ಸಂಸ್ಥೆ. ಅದರ ಮುಂದೆ ದೂರುಗಳು ಮತಗಳಲ್ಲ. ಒಂದೇ ಒಂದು ದೂರು ಬಂದರೂ ನಿಯಮ ಮುರಿದಿದ್ದರೆ ಜಾಹೀರಾತನ್ನು ನಿಲ್ಲಿಸಬಹುದು, ಐದು ಸಾವಿರ ಬಂದರೂ ನಿಯಮ ಮುರಿದಿಲ್ಲವಾದರೆ ಕೈಬಿಡಬಹುದು. ಟೆಸ್ಕೋ ವಿಷಯದಲ್ಲಿ ಆದದ್ದು ಎರಡನೆಯದು. ಜಾಲತಾಣದ ಲೆಕ್ಕಾಚಾರ ಇದಕ್ಕೆ ತದ್ವಿರುದ್ಧ. ಅಲ್ಲಿ ಎಣಿಕೆಯೇ ತೀರ್ಪು.

ಮೂರನೆಯ ಬಗೆಯದು, ಯಾರೂ ಉದ್ದೇಶಿಸದೆ ಆದ ಎಡವಟ್ಟು. 2023ರ ನವೆಂಬರ್ ಮೊದಲ ದಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಹಬ್ಬದ ಜಾಹೀರಾತಿನ ಚಿತ್ರೀಕರಣದ್ದೊಂದು ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿತು. ಊಟದ ಹೊತ್ತಿಗೆ ತಲೆಗೆ ಹಾಕಿಕೊಳ್ಳುವ ಕೆಂಪು, ಹಸಿರು, ಬೆಳ್ಳಿ ಬಣ್ಣದ ಕಾಗದದ ಟೊಪ್ಪಿಗೆಗಳು ಅಗ್ಗಿಷ್ಟಿಕೆಯಲ್ಲಿ ಉರಿಯುತ್ತಿರುವ ಚಿತ್ರವದು. ಬೇಡವಾದ ಸಂಪ್ರದಾಯವನ್ನು ಬಿಟ್ಟುಬಿಡಿ ಎಂಬ ತಮಾಷೆ ಅದರ ಹಿಂದಿತ್ತು. ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ನೋಡಿದವರ ಕಣ್ಣಿಗೆ ಕಂಡದ್ದು ಪ್ಯಾಲೆಸ್ಟೀನ್ ಧ್ವಜದ ಬಣ್ಣಗಳು. ಚಿತ್ರೀಕರಣ ಆಗಸ್ಟಿನಲ್ಲೇ, ಅಂದರೆ ಯುದ್ಧಕ್ಕೆ ಮೊದಲೇ ಆಗಿತ್ತೆಂದು ಸಂಸ್ಥೆ ವಿವರಿಸಿ, ಚಿತ್ರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಕೇಳಿದ್ದು ಸರಿಯೇ. ಟೊಪ್ಪಿಗೆಗಾಗಿ ಹಟ ಹಿಡಿದು ಕೂರುವುದರಲ್ಲಿ ಅರ್ಥವಿರಲಿಲ್ಲ.

ಈ ಮೂರರ ಪಕ್ಕದಲ್ಲಿಟ್ಟಾಗ ಗ್ರೇವಿಯ ಪ್ರಕರಣದ ಸ್ವರೂಪ ಸ್ಪಷ್ಟವಾಗುತ್ತದೆ. ಅಲ್ಲಿ ನೀತಿಯ ಮಾತಿಲ್ಲ, ಧರ್ಮದ ಮಾತಿಲ್ಲ, ತಪ್ಪಾಗಿ ಓದಿಕೊಳ್ಳಬಹುದಾದ ಬಣ್ಣಗಳಿಲ್ಲ. ಅದೇ ಮಾತು, ಅದೇ ಹಾಡು, ಅದೇ ಅಡುಗೆ ಬಿಳಿಯ ತಂದೆ ಮಗಳದಾಗಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಜನಸಂಖ್ಯೆಗೆ ಮೀರಿದ ಪ್ರಾತಿನಿಧ್ಯ ಕೊಡಲಾಗುತ್ತಿದೆ ಎಂದು ಕೆಲವರು ವಾದಿಸುವುದುಂಟು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಪ್ಪು ಜನಾಂಗದವರು ಶೇ. 4ರಷ್ಟು, ಏಷ್ಯಾ ಮೂಲದವರು ಶೇ. 9.3ರಷ್ಟು ಇದ್ದಾರೆ. ಆದರೆ ಮೂರು ಜಾಹೀರಾತುಗಳಲ್ಲಿ ಒಂದು ಮನೆಯನ್ನು ತೋರಿಸುವಾಗ ಶೇಕಡಾವಾರು ಲೆಕ್ಕ ಹಿಡಿದರೆ, ಇಪ್ಪತ್ತೈದು ಜಾಹೀರಾತಿಗೊಮ್ಮೆ ಬರುವ ಅವಕಾಶಕ್ಕಾಗಿ ಕಪ್ಪು ಜನ ಸರದಿಯಲ್ಲಿ ನಿಂತಿರಬೇಕಾಗುತ್ತದೆ.

2020ರ ನವೆಂಬರ್ 27, ಶುಕ್ರವಾರ ರಾತ್ರಿ ನಡೆದದ್ದು ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲದ ಭಾಗ. ಪೈಪೋಟಿಯ ಅಂಗಡಿಗಳು ಒಂದೇ ವಿರಾಮದಲ್ಲಿ ಜಾಹೀರಾತು ಹಾಕುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತವೆ. ಎದುರಾಳಿಯ ಟರ್ಕಿಯ ಪಕ್ಕದಲ್ಲಿ ತಮ್ಮ ಟರ್ಕಿ ಕಾಣುವುದು ಯಾರಿಗೂ ಬೇಡ. ಆ ರಾತ್ರಿ ಚಾನೆಲ್ 4ರ ಎರಡು ವಿರಾಮಗಳಲ್ಲಿ ಟೆಸ್ಕೋ, ಆಸ್ಡಾ, ಆಲ್ಡಿ, ಲಿಡ್ಲ್, ಮಾರ್ಕ್ಸ್ ಅಂಡ್ ಸ್ಪೆನ್ಸರ್, ವೇಟ್‌ರೋಸ್ ಮುಂತಾದವು ಸೇನ್ಸ್‌ಬರೀಸ್ ಜೊತೆಗೂಡಿ ತಮ್ಮ ತಮ್ಮ ಜಾಹೀರಾತುಗಳನ್ನು ಒಂದರ ಹಿಂದೆ ಒಂದರಂತೆ ಹಾಕಿಸಿ, ಜನಾಂಗೀಯತೆಯ ವಿರುದ್ಧ ನಿಲ್ಲುತ್ತೇವೆ ಎಂಬ ಘೋಷಣೆಯನ್ನು ಅವಕ್ಕೆ ಸೇರಿಸಿದವು. ಬಹಿಷ್ಕರಿಸುವವರು ಸೇನ್ಸ್‌ಬರೀಸ್ ಬಿಟ್ಟು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಪೇಟೆಯ ಬಹುಪಾಲು ದೊಡ್ಡ ಅಂಗಡಿಗಳು ಸೇರಿ ಬಾಗಿಲು ಹಾಕಿದಂತಾಯಿತು. ಇದನ್ನು ಬರೀ ಆದರ್ಶವೆಂದು ನಾನು ನಂಬುವುದಿಲ್ಲ. ಈ ಅಂಗಡಿಗಳ ಗಲ್ಲಾಪೆಟ್ಟಿಗೆಯ ಹಿಂದೆ, ಉಗ್ರಾಣಗಳಲ್ಲಿ, ಮನೆಮನೆಗೆ ಸಾಮಾನು ಮುಟ್ಟಿಸುವ ವ್ಯಾನುಗಳಲ್ಲಿ ದುಡಿಯುವವರಲ್ಲಿ ಎಲ್ಲ ಜನಾಂಗದವರೂ ಇದ್ದಾರೆ, ಗಿರಾಕಿಗಳಲ್ಲೂ ಇದ್ದಾರೆ. ಲೆಕ್ಕಾಚಾರವೂ ಸೌಜನ್ಯವೂ ಆ ರಾತ್ರಿ ಒಂದೇ ದಿಕ್ಕಿಗೆ ಮುಖ ಮಾಡಿದ್ದವು, ಅಷ್ಟೆ.

ಬಹಿಷ್ಕಾರದಿಂದ ನಷ್ಟವಾಯಿತೇ? ಆ ಕ್ರಿಸ್‌ಮಸ್ ಅವಧಿಯಲ್ಲಿ ಸೇನ್ಸ್‌ಬರೀಸ್ ಮಾರಾಟ ಹಿಂದಿನ ವರ್ಷಕ್ಕಿಂತ ಶೇ. 9ಕ್ಕೂ ಹೆಚ್ಚು ಏರಿತು. ಇದರ ಶ್ರೇಯಸ್ಸನ್ನು ಜಾಹೀರಾತಿಗೆ ಕೊಡುವುದು ತಪ್ಪಾಗುತ್ತದೆ; ಹೋಟೆಲುಗಳು ಮುಚ್ಚಿದ್ದ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಉಂಡರು. ಟೆಸ್ಕೋ ಕೂಡ ಲಸಿಕೆಯ ಗದ್ದಲ ಮುಗಿದ ಮೇಲೆ, 2022ರ ಜನವರಿಯಲ್ಲಿ, ವರ್ಷದ ಲಾಭದ ಅಂದಾಜನ್ನು ಏರಿಸಿತು. ಹಾಲು, ಬ್ರೆಡ್ಡು, ಆಲೂಗಡ್ಡೆ ಕೊಳ್ಳುವವರು ಮನೆಗೆ ಹತ್ತಿರದ, ಕಿಸೆಗೆ ಹಗುರಾದ ಅಂಗಡಿಗೇ ಹೋಗುತ್ತಾರೆ.

ಹಾಗೆಂದು ಬಹಿಷ್ಕಾರವೇ ಹುಸಿ ಆಯುಧವೆಂದಲ್ಲ. ಕೋಲ್‌ಸ್ಟನ್ ಪ್ರತಿಮೆ ಬಿದ್ದ ಅದೇ ಬ್ರಿಸ್ಟಲ್ಲಿನಲ್ಲಿ, 1963ರಲ್ಲಿ, ಅಲ್ಲಿನ ಬಸ್ ಕಂಪನಿ ಕಪ್ಪು ಮತ್ತು ಏಷ್ಯಾ ಮೂಲದವರನ್ನು ಬಸ್ಸಿನ ಸಿಬ್ಬಂದಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಪಾಲ್ ಸ್ಟೀವನ್‌ಸನ್ ಮತ್ತು ಸಂಗಡಿಗರ ಕರೆಗೆ ಓಗೊಟ್ಟು ಜನ ಬಸ್ ಹತ್ತುವುದನ್ನೇ ಬಿಟ್ಟರು. ನಾಲ್ಕು ತಿಂಗಳ ನಂತರ, ಆಗಸ್ಟ್ 28ರಂದು, ಕಂಪನಿ ಆ ನಿರ್ಬಂಧವನ್ನು ಕೈಬಿಟ್ಟಿತು. ಮುಂದಿನ ತಿಂಗಳು ನಗರದ ಮೊದಲ ಬಿಳಿಯೇತರ ಕಂಡಕ್ಟರ್ ಆಗಿ ಸೇರಿದವರು ರಘುಬೀರ್ ಸಿಂಗ್ ಎಂಬ ಸಿಖ್ಖರು. ಆ ಬಹಿಷ್ಕಾರಕ್ಕೆ ಒಂದು ಬೇಡಿಕೆಯಿತ್ತು, ಕಂಪನಿ ಈಡೇರಿಸಬಹುದಾದ ಬೇಡಿಕೆ. ನಡೆದು ಕೆಲಸಕ್ಕೆ ಹೋಗುವ ಕಷ್ಟವನ್ನೂ ಕರೆ ಕೊಟ್ಟವರೇ ಹೊತ್ತಿದ್ದರು.

ನಮ್ಮಲ್ಲೂ 2020ರ ಅಕ್ಟೋಬರಿನಲ್ಲೇ, ಗ್ರೇವಿಯ ಹಾಡಿಗೆ ಒಂದು ತಿಂಗಳು ಮೊದಲು, ಇಂಥದೇ ಪ್ರಸಂಗ ನಡೆಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಟೈಟಾನ್ ಸಂಸ್ಥೆಯ ತನಿಷ್ಕ್ ಆಭರಣ ಮಳಿಗೆಯ ಜಾಹೀರಾತಿನಲ್ಲಿ, ಮುಸ್ಲಿಂ ಮನೆಯ ಅತ್ತೆ ತನ್ನ ಹಿಂದೂ ಸೊಸೆಗೆ ಅವಳ ಕಡೆಯ ಪದ್ಧತಿಯಂತೆ ಸೀಮಂತ ಮಾಡಿಸುತ್ತಾಳೆ. ಬಹಿಷ್ಕಾರದ ಕೂಗೆದ್ದ ಕೆಲವೇ ದಿನಗಳಲ್ಲಿ ಜಾಹೀರಾತನ್ನು ಹಿಂತೆಗೆದುಕೊಳ್ಳಲಾಯಿತು. ನೊಂದ ಭಾವನೆಗಳನ್ನಷ್ಟೇ ಅಲ್ಲದೆ ನೌಕರರ, ಪಾಲುದಾರರ ಮತ್ತು ಮಳಿಗೆಯ ಸಿಬ್ಬಂದಿಯ ಹಿತವನ್ನೂ ಸಂಸ್ಥೆ ತನ್ನ ಕಾರಣವಾಗಿ ಹೇಳಿತು. ಸೇನ್ಸ್‌ಬರೀಸ್ ಗಟ್ಟಿ, ತನಿಷ್ಕ್ ಪುಕ್ಕಲು ಎಂದು ಹೋಲಿಸುವುದು ಸುಲಭ. ಆದರೆ ಲಂಡನ್ನಿನ ಕೂಗು ಬಹುಪಾಲು ಮೊಬೈಲಿನೊಳಗೇ ಉಳಿದಿತ್ತು. ಇಲ್ಲಿ ಅದು ಗಾಜಿನ ಬಾಗಿಲಿನವರೆಗೆ ಬಂದೀತೆಂಬ ಭಯಕ್ಕೆ ಆಧಾರವಿತ್ತು, ಬಾಗಿಲ ಹಿಂದೆ ನಿಂತಿರುತ್ತಿದ್ದವರು ಸಂಬಳಕ್ಕೆ ದುಡಿಯುವ ಹುಡುಗ ಹುಡುಗಿಯರು. ಜಾಹೀರಾತು ತಯಾರಿಸಿದವರಾರೂ ಅಲ್ಲಿ ನಿಲ್ಲುವುದಿಲ್ಲ.

ಬ್ರಿಟನ್ನಿನಲ್ಲಿ ಜಗಳ ಇನ್ನೂ ನಿಂತಿಲ್ಲ. 2024ರಲ್ಲಿ ಬೂಟ್ಸ್ ಔಷಧ ಮಳಿಗೆಗಳು ಸಾಂತಾನ ಹೆಂಡತಿಯ ಪಾತ್ರವನ್ನು ಅಜೋವಾ ಆಂಡೋ ಎಂಬ ಕಪ್ಪು ನಟಿಗೆ ಕೊಟ್ಟಾಗ ಮತ್ತೆ ಬಹಿಷ್ಕಾರದ ಕರೆ ಕೇಳಿಬಂತು. ಸಾಂತಾ ಎಂಬುವನೇ ಕಲ್ಪನೆಯಾಗಿರುವಾಗ ಅವನ ಹೆಂಡತಿಯ ಮೈಬಣ್ಣ ಇಂಥದೇ ಎಂದು ಪಟ್ಟು ಹಿಡಿದವರಿಗೆ ಏನು ಹೇಳುವುದು! ಆಲ್ಡಿ ಮಾತ್ರ 2016ರಿಂದಲೂ ಕೆವಿನ್ ಎಂಬ ಕ್ಯಾರೆಟ್ ಒಂದನ್ನು ತನ್ನ ಹಬ್ಬದ ಕಥಾನಾಯಕನನ್ನಾಗಿ ಮಾಡಿಕೊಂಡು, ವರ್ಷ ವರ್ಷವೂ ಅದನ್ನು ಸಾಹಸಕ್ಕೆ ಕಳಿಸುತ್ತಾ, ಅದರ ಗೊಂಬೆಗಳನ್ನೂ ಮಾರುತ್ತಾ ಬಂದಿದೆ. ಆ ಗೊಂಬೆಗಳಿಗಾಗಿ ಜನ ಅಂಗಡಿ ತೆರೆಯುವ ಮುನ್ನವೇ ಸಾಲು ನಿಲ್ಲುತ್ತಾರೆ.